ಹದಿನಾಲ್ಕನೆಯ ಸಾಲಿನ ನಲವತ್ತು ಸೆಕೆಂಡು

ಹಿರೇಬಾವಿ,
ಫೆಬ್ರುವರಿ ೩೦, ೨೪೧೧

ಮಹಾನಂದಾ ಕಟಗೇರಿ ಅವರಿಗೆ ನೀಲವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡ ಕಲಿತದ್ದು ನೀರಿನ ಕಚೇರಿಯ ಹಳೆಯ ನೋಟಿಸುಗಳಿಂದ.

ನಿಮ್ಮ ಲೆಕ್ಕದಲ್ಲಿ ಹೋದ ವಾರ, ಇದೇ ಕಚೇರಿಯಲ್ಲಿ ಕೂತು, ಯಾವ ದಿನ ಯಾವ ಓಣಿಗೆ ನೀರು ಎಂಬ ಡೇಟಾಬೇಸಿನ ಕೋಷ್ಟಕಕ್ಕೆ ನೀವೊಂದು ಜಾಬ್ ಶೆಡ್ಯೂಲರ್, ಅಂದರೆ ಹೊತ್ತಿಗೆ ಸರಿಯಾಗಿ ತಾನೇ ಕೆಲಸ ನಡೆಸುವ ಪ್ರೋಗ್ರಾಂ, ಬರೆದಿರಿ. ಹದಿನೆಂಟು ಸಾಲಿನ ಕಡತ. ಅದು ಇನ್ನೂ ಓಡುತ್ತಿದೆ! ಹೌದು ತಾಯಿ, ಇನ್ನೂ! ಹನ್ನೊಂದು ಯಂತ್ರಗಳು ಹಳತಾಗಿ ಹೋದವು, ಕಡತ ಮಾತ್ರ ಒಂದರಿಂದ ಒಂದಕ್ಕೆ ದಾಟುತ್ತ ಬಂತು. ನಾವು ಅದನ್ನು ಹೊತ್ತುಗಾತಿ ಎನ್ನುತ್ತೇವೆ, ಹೊತ್ತು ತಪ್ಪದವಳು ಎಂದು. ದಿನಾ ಬೆಳಿಗ್ಗೆ ಆರೂವರೆಗೆ ಏಳುತ್ತಾಳೆ, ನಿನ್ನೆಯ ಓಣಿಯ ವಾಲ್ವು ಮುಚ್ಚುತ್ತಾಳೆ, ನಲವತ್ತು ಸೆಕೆಂಡು ಸುಮ್ಮನಿರುತ್ತಾಳೆ, ಆಮೇಲೆ ಕೋಷ್ಟಕ ಓದಿ ಇವತ್ತಿನ ಓಣಿಯದನ್ನು ತೆರೆಯುತ್ತಾಳೆ. ಆ ನಲವತ್ತು ಸೆಕೆಂಡು ಊರಿಗೆ ಊರೇ ಅವಳ ಜೊತೆ ಸುಮ್ಮನಾಗುತ್ತದೆ. ರೊಟ್ಟಿ ಬಡಿಯುವ ಕೈ ನಿಲ್ಲುತ್ತದೆ, ಜಗಳವೂ ನಿಲ್ಲುತ್ತದೆ. ಎಷ್ಟೋ ಜಗಳ ಮತ್ತೆ ಶುರುವಾಗುವುದೇ ಇಲ್ಲ, ಕಾರಣ ಮರೆತುಹೋಗಿರುತ್ತದೆ.

ಕಾಯುವ ಆ ಆಜ್ಞೆ ಇರುವುದು ಹದಿನಾಲ್ಕನೆಯ ಸಾಲಿನಲ್ಲಿ. ಪಕ್ಕದಲ್ಲಿ ನೀವು ಬರೆದದ್ದು ಇಷ್ಟೇ: "ತಾತ್ಕಾಲಿಕ. ಆಮೇಲೆ ನೋಡೋಣ." ನಾಲ್ಕು ನೂರು ವರ್ಷ ಹತ್ತಿರ ಬಂದರೂ ಅಲುಗದೆ ನಿಂತ ಸಾಲಿನ ಪಕ್ಕದ ಪದ ಅದು. ಹಾಗಾಗಿ ನಮ್ಮಲ್ಲಿ ತಾತ್ಕಾಲಿಕ ಅಂದರೆ ಎಂದೆಂದಿಗೂ ಅಳಿಯದ್ದು. ಮದುವೆಯಲ್ಲಿ ಹಿರಿಯರು ಅಕ್ಷತೆ ಹಾಕಿ, "ನಿಮ್ಮ ಸಂಸಾರ ತಾತ್ಕಾಲಿಕ ಆಗ್ಲಿ" ಎಂದು ಹರಸುತ್ತಾರೆ. ನಿಮ್ಮ ಕಾಲದ ನಿಘಂಟು ಸಿಕ್ಕಿ ಅದರ ಅರ್ಥ ಓದಿದ ದಿನ ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು. ಗಂಡನಿಗೆ ಇನ್ನೂ ಹೇಳಿಲ್ಲ.

ಈಗ ಕಷ್ಟದ ಮಾತು. ನಾಳೆ ಹನ್ನೆರಡನೆಯ ಯಂತ್ರ ಶುರುವಾಗುತ್ತದೆ. ಕಪ್ಪು ಪರದೆಯ ಮುಂದೆ ಕೂತು ಕಮಾಂಡ್ ಕೊಡುವವಳು ನಾನು. ಬೆಳಿಗ್ಗೆ ನಮ್ಮ ಮುಖ್ಯಸ್ಥ ಈರಪ್ಪಣ್ಣ ಬಂದು ನಿಂತರು.

"ನೀಲವ್ವಾ, ನಲವತ್ತು ಸೆಕೆಂಡು ಸುಮ್ನ ಕುಂತು ಏನ್ ಮಾಡ್ತೈತಿ ಅದು? ತಗದ್ ಒಗಿ ಆ ಸಾಲು."

"ಯಾಕ ಐತಿ ಅಂತ ತಿಳೀದ ಹೆಂಗ್ ತಗೀಲಿ, ಅಣ್ಣಾರ?"

"ಹಂಗಾರ ತಿಳ್ಕೋ. ಸಂಜಿತನ ಟೈಮ್ ಐತಿ."

ಎಂಬತ್ತು ಸಾವಿರ ಜನಕ್ಕೆ ಇರುವುದು ಒಂದೇ ದೊಡ್ಡ ಕೊಳವೆ. ಆ ಸಾಲು ಸುಮ್ಮನೆ ಉಳಿದುಹೋದದ್ದಾದರೆ ತೆಗೆದರೂ ನಡೆದೀತು. ಬೇಕಾದದ್ದಾಗಿದ್ದರೆ ಏನಾದೀತೆಂದು ಹೇಳುವವರು ಇಲ್ಲಿ ಯಾರೂ ಉಳಿದಿಲ್ಲ. ನನಗೆ ಹೆದರಿಕೆಯಾಗುತ್ತಿದೆ.

ಅದಕ್ಕೇ ಇದನ್ನು ಹಿಂದಂಚೆಗೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ನಮ್ಮ ಟಪಾಲಿಗೆ, ಹಾಕುತ್ತಿದ್ದೇನೆ. ದಯವಿಟ್ಟು ಕಡತ ತೆರೆದು ಹದಿನಾಲ್ಕನೆಯ ಸಾಲಿನ ಕೆಳಗೆ ಕಾರಣ ಬರೆಯಿರಿ. ನಿಮ್ಮ ಒಂದಕ್ಷರವನ್ನೂ ಇಲ್ಲಿಯವರೆಗೆ ಯಾರೂ ಮುಟ್ಟಿಲ್ಲ, ನೀವು ಬರೆದದ್ದು ನನ್ನ ತನಕ ಬಂದೇ ಬರುತ್ತದೆ.

ಲಕೋಟೆ ಅಂಟಿಸುವ ಮೊದಲು ಸುಮ್ಮನೆ ಒಮ್ಮೆ ಕಡತ ತೆರೆದೆ. ಇಪ್ಪತ್ತೆರಡು ವರ್ಷ ದಿನಾ ನೋಡಿದ ಹದಿನೆಂಟು ಸಾಲು ಹತ್ತೊಂಬತ್ತಾಗಿವೆ! ಎದ್ದು ಕುಣಿಯಬೇಕು ಅನ್ನಿಸುತ್ತಿದೆ. ಈ ಕಾಗದ ನಿಮಗೆ ತಲುಪಿದೆ ಅಂದಮೇಲೆ ನಾನು ಕಳಿಸಲೇಬೇಕು. ಟಪಾಲಿನ ಹೊತ್ತಾಯಿತು, ಓಡುತ್ತೇನೆ. ನೀವು ಬರೆದದ್ದು, ಅಥವಾ ಇನ್ನು ಬರೆಯಬೇಕಾದದ್ದು, ಇದು:

"ನೀಲವ್ವಾ, ವಾಲ್ವು ಪೂರಾ ಮುಚ್ಚಾಕ ನಲವತ್ತು ಸೆಕೆಂಡು ಬೇಕು, ಅದರೊಳಗ ಇನ್ನೊಂದು ತೆರೆದ್ರ ನೀರಿನ ಹೊಡೆತಕ್ಕ ಪೈಪ್ ಒಡೀತೈತಿ, ತಗೀಬ್ಯಾಡ. ನೀವೆಲ್ಲಾರೂ ತಾತ್ಕಾಲಿಕ ಆಗಿರ್ರಿ."