ಬಿಳಿಗೂದಲ ಜಾತಕ

ಚಳ್ಳಕೆರೆ
ಫೆಬ್ರವರಿ ಮೂವತ್ತು, ೨೨೧೪

ಕರಿಯಮ್ಮಾ,

ಫೆಬ್ರವರಿಯಲ್ಲಿ ಮೂವತ್ತು ನಿಮಗಿಲ್ಲ, ನಮಗಿದೆ. ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಇದನ್ನು ಓದುವಾಗ ನಿನಗೆ ಹತ್ತೊಂಬತ್ತು, ಬರೆಯುವ ನನಗೆ ಎಪ್ಪತ್ತೊಂದು. ಕಾಲಿಗೆ ಬೀಳಲೋ, ಆಶೀರ್ವಾದ ಮಾಡಲೋ ತಿಳಿಯದೆ ಎರಡನ್ನೂ ಮಾಡಿದ್ದೇನೆ. ಮಾತು ಎಲ್ಲಾದರೂ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ.

ನಾವೀಗಲೂ ಕಂಬಳಿ ನೇಯುತ್ತೇವೆ. ಮಿಲ್ಲಿನವರು ಈಗಲೂ ನಮ್ಮ ಹೆಸರಿನಲ್ಲಿ ನಕಲು ಮಾರುತ್ತಾರೆ, ಆದರೆ ಸಿಕ್ಕಿಬೀಳುತ್ತಾರೆ. ಕರಿ ಕಂಬಳಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಗೂದಲು ಇರುತ್ತದಲ್ಲ, ಅವು ಬಿದ್ದ ಜಾಗ ಇನ್ನೊಂದು ಕಂಬಳಿಯಲ್ಲಿ ಬರುವುದಿಲ್ಲ. ಆ ಚಿತ್ರವೇ ಕಂಬಳಿಯ 'ಜಾತಕ'. ನೇಯ್ದವಳು ಅದಕ್ಕೆ ತನಗೊಬ್ಬಳಿಗೇ ಗೊತ್ತಿರುವ 'ಗುಟ್ಟಂಕಿ'ಯಿಂದ ಮುದ್ರೆ ಒತ್ತಿ ಅಂಚಿನ ದಾರದಲ್ಲಿ ಸೇರಿಸುತ್ತಾಳೆ. ಅದರ ಜೋಡಿ 'ಬಯಲಂಕಿ' ಊರಿಗೆಲ್ಲ ಗೊತ್ತು. ಅದರಿಂದ ಮುದ್ರೆ ಯಾರದೆಂದು ನೋಡಬಹುದು, ಹೊಸದಾಗಿ ಒತ್ತಲಾಗದು. ದಾರ ಕದ್ದು ಬೇರೆ ಕಂಬಳಿಗೆ ಹೊಲಿದರೆ ಕೂದಲು ತಾಳೆಯಾಗದು. ಇಷ್ಟು ತಿಳಿಯಲು ಮೊಮ್ಮಗಳ ಪುಸ್ತಕ ಇಣುಕಿ ಇಣುಕಿ ನನಗೆ ಎರಡು ವರ್ಷ ಹಿಡಿಯಿತು.

ಹೋದ ವಾರ ಆ ಮೊಮ್ಮಗಳು ಮಾಳಮ್ಮ ನೇಯ್ದ ಮೊದಲ ಕಂಬಳಿ ಪಕ್ಕದ ಹಟ್ಟಿಯ ಮದುವೆಯಲ್ಲಿ ಗದ್ದುಗೆಗೆ ಹಾಸಬೇಕಿತ್ತು. ಗದ್ದುಗೆಗೆ ಕೈನೇಯ್ಗೆಯೇ ಆಗಬೇಕು. ಅಲ್ಲಿ ನಕಲು ಅನ್ನಿಸಿಕೊಂಡವಳ ಕಂಬಳಿಯನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ಹಟ್ಟಿಯ ಹಿರಿಯ ಬೀರಲಿಂಗಪ್ಪ ಕಂಬಳಿಯ ಒಂದು ಮೂಲೆಗೆ ಜಾತಕ ತಾಳೆ ನೋಡುವ ಸಾಕ್ಷಿಗಣ್ಣು ಹಿಡಿದ. ಕೆಂಪು ದೀಪ, ಅಂದರೆ ತಾಳೆಯಿಲ್ಲ.

"ಇದು ಮಿಲ್ಲಿಂದು ಕಣಕ್ಕ," ಅಂದ.

ಮದುವೆ ಮನೆಗೆ ಹೋಗುವ ಕಂಬಳಿ ಚೊಕ್ಕಟವಾಗಿರಲಿ ಎಂದು ಹಿಂದಿನ ದಿನ ಅದರ ಮೇಲೇ ಕೂತು ಬಿಳಿಗೂದಲನ್ನೆಲ್ಲ ಉಗುರಲ್ಲಿ ಕಿತ್ತಿದ್ದೆ.

"ಹುಡುಗೀದು ತಪ್ಪಿಲ್ಲ ಕಣಪ್ಪಾ. ಕಿತ್ತೋಳು ನಾನು."

ಅವನು ನನ್ನ ನರೆತ ತಲೆಯನ್ನೇ ನೋಡಿದ. "ಇಲ್ಲಿರೋದು ಬಿಟ್ಟು ಅಲ್ಲಿರೋದು ಕಿತ್ತಿದ್ದೀಯಲ್ಲಕ್ಕಾ."

ಮಾಳಮ್ಮ ಏನೂ ಆಗದವಳಂತೆ ಕಂಬಳಿ ತಿರುಗಿಸಿದಳು. "ನಿನ್ನ ಕೈ ಸುಮ್ನಿರಲ್ಲ ಅಂತ ಗೊತ್ತಿತ್ತಜ್ಜಿ. ನಾಲ್ಕು ಮೂಲೇಗೂ ಬೇರೆ ಬೇರೆ ಜಾತಕ ಬರ್ಸಿದೀನಿ, ಒಂದು ತಾಳೆಯಾದ್ರೂ ಸಾಕು."

ಎರಡನೆಯದು ಕೆಂಪು. ಮೂರನೆಯದೂ ಕೆಂಪು. ನಾಲ್ಕನೆಯದು ಹಸಿರು. ಕೀಳುವಾಗ ನಾನು ಕೂತಿದ್ದ ಮೂಲೆ ಅದು. ಡೊಳ್ಳು ಶುರುವಾಯಿತು. ಈ ಮಂಡಿ ಹೊತ್ತುಕೊಂಡು ನಾನೂ ಕುಣಿದೆ.

ನೀನು ನೇಯ್ದದ್ದು ಎನ್ನುವ ಕಂಬಳಿಯೊಂದು ನಮ್ಮ ಪೆಟ್ಟಿಗೆಯಲ್ಲಿದೆ. ಮನೆಗೆ ಬಂದು ಅದನ್ನು ಬಿಡಿಸಿ ನೋಡಿದೆ. ಹುಡುಕಿದರೂ ಒಂದು ಬಿಳಿಗೂದಲಿಲ್ಲ. ಈ ಕೈ ನನಗೆ ಎಲ್ಲಿಂದ ಬಂತೆಂದು ಆಗ ತಿಳಿಯಿತು.

ಕೀಳಬೇಡ ಎಂದರೆ ನೀನು ಕೇಳುವವಳಲ್ಲ. ಕೀಳುವಾಗ ಒಂದು ಮೂಲೆಯ ಮೇಲೆ ಕೂತುಕೋ ತಾಯಿ.

ನಿನ್ನ ಮುದಿ ಮೊಮ್ಮಗಳು,
ಬೋರಕ್ಕ