‘ಲಭ್ಯರಿಲ್ಲ’ ಎಂದು ತಾವು ಬರೆದುಕೊಂಡ ನನ್ನ ಅಕ್ಕ

ಮಾನ್ಯರೇ,

ನಗರದ ಹಸಿರು ಯೋಜನೆಗಳಿಂದ ಜನರ ಆರೋಗ್ಯ ಎಷ್ಟು ಸುಧಾರಿಸಿತೆಂದು ಅಳೆಯುವ ವಿಭಾಗಕ್ಕೆ ತಾವು ಮುಖ್ಯಸ್ಥರು. ನಮ್ಮ ಓಣಿಯ ಮಳೆತೋಟದ ಬಗ್ಗೆ ತಾವು ಹೊರತಂದ ವರದಿಯ ಮೊದಲ ಸುತ್ತಿನಲ್ಲಿ ನನ್ನ ಅಕ್ಕ ‘ತುಂಬಾ ಸಂತೋಷವಾಗಿದೆ’ ಎಂದಿದ್ದಾಳೆ. ಎರಡನೆಯ ಸುತ್ತಿನಲ್ಲಿ ಅವಳು ‘ಲಭ್ಯರಿಲ್ಲ’. ಈ ಎರಡು ಸುತ್ತುಗಳ ನಡುವೆ ಅವಳು ಸತ್ತಳು. ಆ ಸಂಗತಿ ವರದಿಯಲ್ಲಿ ಎಲ್ಲೂ ಇಲ್ಲ.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ನಾನು ಹೊಲಿದದ್ದಕ್ಕೆ ಅಕ್ಕ ಕಾಜಾ ಹಾಕಿ ಗುಂಡಿ ಕೂರಿಸುತ್ತಿದ್ದಳು. ಹಾಗಾಗಿ ಓಣಿಗೆಲ್ಲ ಅವಳು ಗುಂಡಿಯಕ್ಕ. ಆ ಮಳೆತೋಟಕ್ಕೆಂದು ನಗರಸಭೆಯವರು ನಮ್ಮ ಕಿಟಕಿಯ ಮುಂದೆಯೇ ಇಪ್ಪತ್ತು ಅಡಿ ಉದ್ದಕ್ಕೆ ಅಗೆಸಿ, ಕಲ್ಲು ಮರಳು ತುಂಬಿಸಿ, ಜೊಂಡು ನೆಡಿಸಿ, ರಸ್ತೆಯ ಮಳೆನೀರು ಎರಡೇ ದಿನದಲ್ಲಿ ಇಲ್ಲಿ ಇಂಗಿಹೋಗುತ್ತದೆಂದು ಫಲಕ ನಿಲ್ಲಿಸಿದರು. ಗುಂಡಿಯಕ್ಕನಿಗೆ ಸರ್ಕಾರವೇ ಒಂದು ಗುಂಡಿ ಕೊಟ್ಟಿತೆಂದು ಪಕ್ಕದ ಮನೆಯ ಬಡಗಿ ತಮಾಷೆ ಮಾಡಿದ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕನೇ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಆ ತೋಟದಿಂದ ನಮಗೆ ಒಳ್ಳೆಯದೂ ಆಯಿತು. ಮೊದಲೆಲ್ಲ ಜೋರು ಮಳೆ ಬಂದರೆ ನೀರು ಹೊಸ್ತಿಲು ದಾಟುತ್ತಿತ್ತು. ಗಿರಾಕಿಗಳ ಬಟ್ಟೆಗಂಟುಗಳನ್ನು ಮಂಚದ ಮೇಲೇರಿಸಿ ನಾವಿಬ್ಬರೂ ಮೂಲೆಯಲ್ಲಿ ನಿಲ್ಲುತ್ತಿದ್ದೆವು. ಅದು ತಪ್ಪಿತು. ಮಂಡಿನೋವೆಂದು ಮನೆ ಬಿಟ್ಟು ಕದಲದಿದ್ದ ಅಕ್ಕ ದಿನಾ ಸಂಜೆ ಜೊಂಡಿನ ಪಕ್ಕ ಹತ್ತು ಸುತ್ತು ನಡೆಯತೊಡಗಿದಳು. ತಮ್ಮ ಸಮೀಕ್ಷೆಯ ಹುಡುಗಿ ಮೊದಲ ಸಲ ಬಂದಾಗ ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಎರಡನೆಯ ಮಳೆಗಾಲದ ಹೊತ್ತಿಗೆ ತೋಟಕ್ಕೆ ಹೆತ್ತವರಿದ್ದರು, ಸಾಕುವವರಿರಲಿಲ್ಲ. ಹೂಳು, ಪ್ಲಾಸ್ಟಿಕ್ ಸೇರಿ ಎರಡು ದಿನದಲ್ಲಿ ಇಂಗಬೇಕಾದ ನೀರು ಮೂರು ವಾರ ನಿಂತಿತು. ಅಕ್ಕ ಬಗ್ಗಿ ನೋಡಿ ಬಂದು, ನೀರಿನ ತುಂಬ ಹುಳ ಓಡಾಡುತ್ತಿವೆ ಎಂದಳು. ಮೂರು ಕಡೆ ಫೋನ್ ಮಾಡಿದಳು. ತಮ್ಮ ಕಚೇರಿಯವರು ಉದ್ಯಾನ ವಿಭಾಗವನ್ನು ಕೇಳಿ ಎಂದರು. ಉದ್ಯಾನದವರು, ನೀರು ನಿಂತಿದ್ದರೆ ಅದು ಚರಂಡಿ ವಿಭಾಗದ್ದು ಎಂದರು. ಚರಂಡಿಯವರು, ಗಿಡವಿದ್ದರೆ ನಮ್ಮದಲ್ಲ ಎಂದು ಕೈತೊಳೆದುಕೊಂಡರು. ಗಿಡವೂ ನೀರೂ ಒಟ್ಟಿಗಿರುವ ಜಾಗಕ್ಕೆ ವಾರಸುದಾರರಿಲ್ಲವೆಂಬುದು ಸೊಳ್ಳೆಗಳಿಗೆ ನಮಗಿಂತ ಮೊದಲೇ ತಿಳಿದಿತ್ತು.

ಅಕ್ಕನಿಗೆ ಜ್ವರ ಬಂದಾಗ ಶಾಲೆ ಶುರುವಾಗಲು ಒಂದು ವಾರವಿತ್ತು. ಎಪ್ಪತ್ತು ಸಮವಸ್ತ್ರದ ಅಂಗಿಗಳು ಬಾಕಿಯಿದ್ದವು. ಮೈ ಸುಡುತ್ತಿದ್ದರೂ ಅವಳು ಸೂಜಿ ಹಿಡಿದು ಕೂತಳು; ನಾನು ಬೇಡವೆನ್ನಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮೈ ತಣ್ಣಗಾಗಿತ್ತು. “ಬಿಡ್ತು ನೋಡೋ ಜ್ವರ” ಎಂದಳು. ಸದ್ಯ ಎಂದುಕೊಂಡು ನಾನು ಇನ್ನೂ ಹತ್ತು ಅಂಗಿ ತಂದು ಅವಳ ಮುಂದಿಟ್ಟೆ. ಮಾನ್ಯರೇ, ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನ ಹೊಟ್ಟೆನೋವು, ವಾಂತಿ ಶುರುವಾಯಿತು. ಸಂಜೆಯ ವೇಳೆಗೆ ಬೆರಳುಗಳು ಮಂಜಿನಷ್ಟು ತಣ್ಣಗಾದವು. ಬಡಗಿಯ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದೆವು. ಇದು ಡೆಂಗಿ, ಇದರಲ್ಲಿ ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಅಪಾಯ, ನಿಮಗೆ ಗೊತ್ತಿರಲಿಲ್ಲವೇ ಎಂದು ಡಾಕ್ಟರು ಕೇಳಿದರು. ಗೊತ್ತಿರಲಿಲ್ಲ. “ಇನ್ನು ನಾಲ್ಕೇ ಅಂಗಿ ಉಳಿದಿರೋದು ಕಣೋ. ಯಾರ ಹತ್ರಾನೂ ಮಾಡಿಸ್ಬೇಡ, ನಾನೇ ಬಂದು ಮುಗಿಸ್ತೀನಿ” ಎಂದಳು ಅಕ್ಕ. ಆರನೆಯ ದಿನ ಬೆಳಿಗ್ಗೆ ಅವಳು ಹೋದಳು.

ಹದಿನೇಳು ದಿನ ಕಳೆದ ಮೇಲೆ ಅದೇ ಸಮೀಕ್ಷೆಯ ಹುಡುಗಿ ಮತ್ತೆ ಬಂದು, ಅಕ್ಕ ಎಲ್ಲಿ ಎಂದು ಒಳಗೆ ಇಣುಕಿದಳು. ಹೇಳಿದೆ. ಅವಳು ಕೈಯಲ್ಲಿದ್ದ ಫೋನಿನ ಪರದೆಯನ್ನು ನನ್ನತ್ತ ತಿರುಗಿಸಿದಳು.

“ಸರ್, ಇದರಲ್ಲಿ ಉತ್ತರಿಸಿದರು, ನಿರಾಕರಿಸಿದರು, ಲಭ್ಯರಿಲ್ಲ ಅಂತ ಮೂರೇ ಇದೆ. ನಾನು ಯಾವುದನ್ನ ಒತ್ತಲಿ?”

“ಅವಳು ಯಾವತ್ತೂ ಯಾರಿಗೂ ಇಲ್ಲ ಅಂದವಳಲ್ಲ, ಮಗಳೇ” ಎಂದೆ. ಹುಡುಗಿ ಅಳುತ್ತಲೇ ಮೂರನೆಯದನ್ನು ಒತ್ತಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ದಯವಿಟ್ಟು ಅವಳನ್ನು ವಿಚಾರಿಸಲು ಹೋಗಬೇಡಿ.

ಮೊದಲ ಸುತ್ತಿನಲ್ಲಿ ನಲವತ್ತೆರಡು ಮನೆ ಉತ್ತರ ಕೊಟ್ಟಿದ್ದವು, ಎರಡನೆಯದರಲ್ಲಿ ಮೂವತ್ತಾರು. ಅದರಲ್ಲಿ ಮೂವತ್ತಮೂರು ಮನೆಯವರು ಆರೋಗ್ಯ ಸುಧಾರಿಸಿದೆ ಎಂದರೆಂದು ತಾವು ಬೆನ್ನು ತಟ್ಟಿಕೊಂಡಿದ್ದೀರಿ. ಎರಡನೆಯ ಸಲ ಉತ್ತರ ಕೊಡದ ಆರು ಮನೆಗಳ ಬಗ್ಗೆ ನಾನೇ ಹೋಗಿ ವಿಚಾರಿಸಿದೆ. ಒಂದು ಮನೆಯವರು ಊರು ಬಿಟ್ಟಿದ್ದರು. ಇನ್ನೊಬ್ಬರು ರಾತ್ರಿ ಪಾಳಿ ಮುಗಿಸಿ ಮಲಗಿದ್ದರಂತೆ. ಮೂರು ಮನೆಯವರು ಅಂದು ಆಸ್ಪತ್ರೆಯಲ್ಲಿ, ತಮ್ಮವರ ಹಾಸಿಗೆಯ ಪಕ್ಕದಲ್ಲಿದ್ದರು. ಮೂವರಿಗೂ ಇದೇ ಜ್ವರ. ಆರನೆಯದು ನಮ್ಮ ಮನೆ. ಜ್ವರ ಬಂದವರನ್ನೂ ಸತ್ತವರನ್ನೂ ಪಕ್ಕಕ್ಕಿಟ್ಟು ಎಣಿಸಿದರೆ ಯಾವ ಊರು ತಾನೇ ಆರೋಗ್ಯವಾಗಿರುವುದಿಲ್ಲ?

ಇದನ್ನು ಹೇಳಲು ತಮ್ಮ ಕಚೇರಿಗೆ ಬಂದಾಗ, ಕಚ್ಚಿದ ಸೊಳ್ಳೆ ಆ ನೀರಿನದೇ ಎಂಬುದಕ್ಕೆ ಸಾಕ್ಷಿ ಏನು ಎಂದು ತಮ್ಮ ಸಹಾಯಕರು ಕೇಳಿದರು. ನನ್ನ ಬಳಿ ಸಾಕ್ಷಿಯಿಲ್ಲ. ಅದನ್ನು ಹುಡುಕುವ ಕೆಲಸ ದರ್ಜಿಯದೋ, ತಮ್ಮ ವಿಭಾಗದ್ದೋ?

ಈಗ ಓಣಿಯವರು ತೋಟಕ್ಕೆ ಸಿಮೆಂಟು ಸುರಿಸಬೇಕೆಂದು ಸಹಿ ಸಂಗ್ರಹಿಸುತ್ತಿದ್ದಾರೆ. ನಾನು ಸಹಿ ಹಾಕಿಲ್ಲ. ಅಕ್ಕ ಅಲ್ಲಿ ನಡೆದಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ತೋಟ ಇರಲಿ. ಅದರ ಹೂಳೆತ್ತುವ ಹೊಣೆ ಯಾರದೆಂದು ಈ ವಾರವೇ ಗೊತ್ತುಮಾಡಿ. ಆ ಆರು ಬಾಗಿಲುಗಳನ್ನು ಇನ್ನೊಮ್ಮೆ ತಟ್ಟಿ, ಅಲ್ಲಿ ಕೇಳಿದ್ದನ್ನು ಸೇರಿಸಿ ವರದಿಯನ್ನು ಹೊಸದಾಗಿ ಬರೆಯಿರಿ. ಜ್ವರ ಇಳಿದ ಕೂಡಲೇ ಮೈಮರೆಯಬೇಡಿ, ವಾಂತಿ, ಹೊಟ್ಟೆನೋವು ಕಂಡರೆ ತಕ್ಷಣ ಆಸ್ಪತ್ರೆಗೆ ಬನ್ನಿ ಎಂಬ ಮಾತನ್ನು ಮನೆಮನೆಗೆ ಜನ ಕಳಿಸಿ ಹೇಳಿಸಿ. ಇದನ್ನು ಮುಂದಿನ ಮಳೆಗೆ ಮೊದಲೇ ಮಾಡಿ.

ಇಂತಿ,
ತಿಳಿಯದೆ ತಡಮಾಡಿದ ಒಬ್ಬ ತಮ್ಮ