ಎದ್ದು ಹೋಗದ ಜೂಜುಗಾತಿ

ತೊಮೆ,

ನೀನೀಗ ಎಲ್ಲಿದ್ದೀಯೋ ಗೊತ್ತಿಲ್ಲ, ಈ ಪತ್ರಕ್ಕೆ ವಿಳಾಸವಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗೇ ಹೇಳಬೇಕು.

ಊರೂರು ಅಲೆಯುವ ಜೂಜುಗಾತಿಯ ಸಿನಿಮಾ ಗೆದ್ದಿತ್ತಲ್ಲ, ಕ್ಯೋಟೋದಲ್ಲಿ ಅದರ ಎರಡನೇ ಭಾಗ ತೆಗೆಯುತ್ತಿದ್ದಾರೆ. ತೆರೆಯ ಮೇಲೆ ಮುಖ ನಾಯಕಿಯದು, ಜೂಜಿನ ಎಲೆ ಹಂಚುವ ಕೈಗಳು ನನ್ನವು. ಇವತ್ತಿನ ದೃಶ್ಯದಲ್ಲಿ ಅವಳ ಗೆಳತಿಯನ್ನು ಮೋಸದ ಆರೋಪ ಹೊರಿಸಿ, ಬೆರಳು ಕತ್ತರಿಸಲು ಹಿಡಿಯುತ್ತಾರೆ. ನಾಯಕಿ ಎಲೆಗಳನ್ನು ಜೋಡಿಸಿಟ್ಟು, ಹಿಂದಿರುಗಿ ನೋಡದೆ ಹೊರಟುಹೋಗಬೇಕು.

ನಾನು ಎಲೆ ಮುಟ್ಟಲಿಲ್ಲ. "ಇವಳು ಹೋಗಬಾರ್ದು," ಎಂದೆ.

ನಿರ್ದೇಶಕ ಇಸೊಗಾಯಿ ನಕ್ಕರು. "ಅಲೆಮಾರಿ ಅಂದ್ಮೇಲೆ ಹೋಗೋದೇ ಅಲ್ವೇನಮ್ಮಾ? ನಿಮ್ಮ ಕೈ ಕೊಡಿ ಸಾಕು, ಕತೆ ನಾನು ನೋಡ್ಕೋತೀನಿ."

"ಹಾಗಾದ್ರೆ ಬೇರೆ ಕೈ ಹುಡುಕ್ಕೊಳ್ಳಿ. ಈ ಕೈ ಒಂದ್ಸಲ ನಿಜವಾಗ್ಲೂ ಗೆಳತಿಯನ್ನ ಬಿಟ್ಟು, ಎಲೆ ಜೋಡಿಸಿಟ್ಟು ಎದ್ದು ಬಂದಿದೆ. ಇನ್ನೊಂದ್ಸಲ ಆಗಲ್ಲ."

ನಾಯಕಿಯೇ ಕೇಳಿದಳು: "ಅಕ್ಕಾ, ಹೋಗದಿದ್ರೆ ಏನ್ ಮಾಡ್ತಾಳೆ? ತೋರ್ಸಿ."

ಗೆಳತಿಯ ಪಾತ್ರದ ಹುಡುಗಿಯ ಪಕ್ಕ ಹೋಗಿ ಕೂತೆ. ಚಾಪೆಗೆ ಅದುಮಿ ಹಿಡಿದಿದ್ದ ಅವಳ ಕೈಯ ಮೇಲೆ ನನ್ನ ಕೈ ಇಟ್ಟೆ. "ಇವಳ ಬೆರಳು ಕತ್ತರಿಸೋ ಮೊದ್ಲು ನಂದು ಕತ್ತರ್ಸಿ," ಎಂದೆ.

ಇಸೊಗಾಯಿ ನಮ್ಮಿಬ್ಬರ ಕೈಗಳತ್ತ ಕ್ಯಾಮೆರಾ ತಿರುಗಿಸಿ ಓಡಿಸಿದರು.

ದೃಶ್ಯ ಮುಗಿದ ಮೇಲೂ ಆ ಹುಡುಗಿಗೆ ಹತ್ತು ಬೆರಳೂ ಇದ್ದವು, ತೊಮೆ.

ಶಿಗೆನೊ